ಹುಳುವಿನ ಕ್ರೋಮೋಸೋಮಿಗೆ ಹೊಳೆಯುವ ಗುರುತು

ಪ್ರಶ್ನೆ: ಸಿ. ಎಲೆಗನ್ಸ್ ಎಂಬ ದುಂಡುಹುಳುವಿನ ಕ್ರೋಮೋಸೋಮುಗಳನ್ನು ಆಕಾರ ನೋಡಿಯೇ ಗುರುತಿಸಲಾಗದೇ? ಹೊಳೆಯುವ ಡಿಎನ್‌ಎ ಶೋಧಕಗಳೇಕೆ ಬೇಕು?
– ಪದವಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಆಕಾರವನ್ನು ನೆಚ್ಚಿಕೊಳ್ಳುವಂತಿಲ್ಲ. ಈ ಹುಳುವಿನ 6 ಬಗೆಯ ಕ್ರೋಮೋಸೋಮುಗಳು ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿ ಕಾಣುತ್ತವೆ. ಮೇಲಾಗಿ, ನಮ್ಮ ಕ್ರೋಮೋಸೋಮುಗಳಲ್ಲಿ ಒಂದೆಡೆ ಕಿರಿದಾಗಿ ಕಾಣುವ ಸೆಂಟ್ರೋಮಿಯರ್ (ಕೋಶ ಒಡೆಯುವಾಗ ಕ್ರೋಮೋಸೋಮನ್ನು ಎಳೆಯುವ ನೂಲುಗಳು ಹಿಡಿಯುವ ಜಾಗ) ಇವುಗಳಿಗಿಲ್ಲ, ಅದರ ಕೆಲಸ ಉದ್ದಕ್ಕೂ ಹರಡಿಕೊಂಡಿರುತ್ತದೆ. ಡಿಎನ್‌ಎಗೆ ಅಂಟಿ ಹೊಳೆಯುವ ಡ್ಯಾಪಿ ಬಣ್ಣ ಹಾಕಿದರೆ ಬಲಿತ ಅಂಡಕೋಶದಲ್ಲಿ 6 ಚುಕ್ಕೆಗಳು ಕಾಣುತ್ತವೆಯೇ ಹೊರತು ಯಾವುದು ಯಾವುದೆಂದು ತಿಳಿಯದು. ಆದ್ದರಿಂದ ಒಂದು ಕ್ರೋಮೋಸೋಮಿನಲ್ಲಿ ಮಾತ್ರ ಇರುವ ಡಿಎನ್‌ಎ ಅನುಕ್ರಮಕ್ಕೆ ಪೂರಕವಾದ ಡಿಎನ್‌ಎ ತುಣುಕಿಗೆ (ಇದೇ ಶೋಧಕ) ಪ್ರತಿದೀಪ್ತ, ಅಂದರೆ ಬೆಳಕು ಬಿದ್ದಾಗ ಹೊಳೆಯುವ, ಬಣ್ಣ ಜೋಡಿಸಿ, ಕೋಶವನ್ನು ಕಾಯಿಸಿ ಎಳೆಗಳನ್ನು ಬಿಡಿಸಿ, ತಣಿಯುವಾಗ ಆ ತುಣುಕು ತನ್ನ ಜೋಡಿಗೆ ಕೂಡಿಕೊಳ್ಳುವಂತೆ ಮಾಡುತ್ತಾರೆ. 5ನೆಯ ಕ್ರೋಮೋಸೋಮಿಗೆ 5ಎಸ್ ಆರ್‌ಡಿಎನ್‌ಎ (ಪ್ರೋಟೀನು ತಯಾರಿಸುವ ರೈಬೋಸೋಮಿನ ಒಂದು ಆರ್‌ಎನ್‌ಎಯ ಜೀನು) ಶೋಧಕವೇ ಸಲೀಸು: ಆ ಜೀನು ಅಲ್ಲಿ ಸಾಲುಸಾಲಾಗಿ ಪುನರಾವರ್ತನೆಯಾಗಿರುವುದರಿಂದ ಚುಕ್ಕೆ ಪ್ರಖರವಾಗಿ ಮೂಡುತ್ತದೆ.