ತಮ್ಮನ ಮದುವೆಗೆ ಕ್ರೋಶಾ ಹೊದಿಕೆ ಹೆಣೆಯಲು 5 ತಿಂಗಳು ಸಾಕಾಗುತ್ತಾ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ತಮ್ಮನ ಮದುವೆಗೆ ಇನ್ನು 5 ತಿಂಗಳಿದೆ, ಡಬಲ್ ಬೆಡ್ ಪೂರ್ತಿ ಮುಚ್ಚುವಂಥ ಹೊದಿಕೆ ಹೆಣೆದು ಕೊಡಬೇಕು ಅಂತಿದ್ದೀರಿ. ಇಲ್ಲಿಯವರೆಗೆ ಹೆಣೆದಿರುವುದು ಟೋಪಿ, ಮಫ್ಲರ್, ಒಂದು ಮಗುವಿನ ಹೊದಿಕೆ. ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ. ಇಷ್ಟರಲ್ಲಿ ಆಗುತ್ತಾ, ಯಾವ ಉಲ್ಲನ್, ಯಾವ ಡಿಸೈನ್ ಅಂತ ಕೇಳಿದ್ದೀರಿ.

ಹೊದಿಕೆ ಖಂಡಿತ ಆಗುತ್ತದೆ. ಡಬಲ್ ಬೆಡ್‌ನದು ಆಗುವುದಿಲ್ಲ. ಆದರೆ ಅಷ್ಟು ದೊಡ್ಡದು ಮಾಡಬೇಡಿ ಅಂತ ನಾನು ಹೇಳುವುದಕ್ಕೆ ಸಮಯ ಒಂದೇ ಕಾರಣವಲ್ಲ.

ನನ್ನ ಅಣ್ಣನ ಮದುವೆಗೆ ನಾನು ಅಂಥದ್ದೇ ಒಂದನ್ನು ಹೆಣೆದಿದ್ದೆ. ಬಿಳಿ ಹತ್ತಿ ದಾರ, ಪೂರ್ತಿ ಲೇಸ್ ಡಿಸೈನ್, ಹಾಸಿಗೆಯ ನಾಲ್ಕೂ ಕಡೆ ಇಳಿಬೀಳುವಷ್ಟು ದೊಡ್ಡದು. ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಕೊಟ್ಟ ದಿನ ಎಲ್ಲರೂ ಬಿಚ್ಚಿ ನೋಡಿದರು, ಮುಟ್ಟಿ ನೋಡಿದರು. ಆಮೇಲೆ ಅದು ಬೀರುವಿಗೆ ಹೋಯಿತು. ಎರಡು ವರ್ಷದ ನಂತರ ಅತ್ತಿಗೆಗೆ ಜ್ವರ ಬಂದಾಗ ನೋಡಲು ಹೋಗಿದ್ದೆ. ಅಂಗಡಿಯಿಂದ ತಂದ ತೆಳು ಬ್ಲಾಂಕೆಟ್ ಹೊದ್ದು ಮಲಗಿದ್ದರು. "ನಿಂದು ಹಾಳಾಗಿಬಿಡುತ್ತೆ ಅಂತ ತೆಗೆದಿಟ್ಟಿದ್ದೀನಿ ಕಣೆ" ಅಂದರು. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಅವತ್ತು ಮನೆಗೆ ಬರುವಾಗ ನನಗೆ ನಿಜವಾಗಿ ಬೇಸರವಾಗಿತ್ತು. ನಾನು ಹೆಣೆದಿದ್ದು ಹೊದೆಯಲಿ ಅಂತ. ಅವರಿಗೆ ಹೊದೆಯಲು ಭಯವಾಗುವಂಥದ್ದನ್ನು ಕೊಟ್ಟಿದ್ದೆ. ಒಗೆಯುವುದೂ ಕಷ್ಟ ಇತ್ತು. ನೆನೆದ ಹತ್ತಿ ಎಷ್ಟು ಭಾರ ಅಂದರೆ ಒಬ್ಬರಿಂದ ಎತ್ತಿ ಹಿಂಡಲು ಆಗುತ್ತಿರಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಸೋಫಾದ ಮೇಲೆ ಇಬ್ಬರೂ ಕೂತು ಕಾಲ ಮೇಲೆ ಎಳೆದುಕೊಳ್ಳುವಂಥದ್ದನ್ನು ಹೆಣೆಯಿರಿ. ಸುಮಾರು 130 ಸೆಂ.ಮೀ ಅಗಲ, 155 ಸೆಂ.ಮೀ ಉದ್ದ ಸಾಕು. ಮಷಿನ್‌ಗೆ ಹಾಕಿದರೂ ಏನೂ ಆಗಬಾರದು. ಕಾಫಿ ಚೆಲ್ಲಿದರೂ ಯಾರೂ ಗಾಬರಿಯಾಗಬಾರದು.

ಈಗ ಲೆಕ್ಕಕ್ಕೆ ಬರೋಣ. ಉಲ್ಲನ್ ಕೊಳ್ಳುವ ಮೊದಲೇ ಈ ಲೆಕ್ಕ ಮಾಡಬೇಕು. ಒಂದೇ ಒಂದು ಉಂಡೆ ತನ್ನಿ. ನೀವು ಆರಿಸಿದ ಡಿಸೈನ್‌ನಲ್ಲೇ 15 ಸೆಂ.ಮೀ ಉದ್ದ, 15 ಸೆಂ.ಮೀ ಅಗಲದ ಒಂದು ಮಾದರಿ ತುಂಡು ಹೆಣೆಯಿರಿ. ಎಷ್ಟು ನಿಮಿಷ ಹಿಡಿಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಹಾಕಿ. ಈ ಎರಡು ಸಂಖ್ಯೆ ಸಿಕ್ಕರೆ ಉಳಿದದ್ದೆಲ್ಲ ಗೊತ್ತಾಗುತ್ತದೆ.

ನನ್ನ ಕೈಯ ಲೆಕ್ಕ ಹೇಳುತ್ತೇನೆ. ಮಧ್ಯಮ ದಪ್ಪದ ಉಲ್ಲನ್, 5.5 ಮಿ.ಮೀ ಕ್ರೋಶಾ ಕಡ್ಡಿ. ಆ ತುಂಡಿಗೆ 10 ಗ್ರಾಂ ದಾರ, 25 ನಿಮಿಷ. 130ಕ್ಕೆ 155ರ ಹೊದಿಕೆಯಲ್ಲಿ ಅಂಥ ತುಂಡು ಸುಮಾರು 90 ಬರುತ್ತವೆ. ಅಂದರೆ 900 ಗ್ರಾಂ ದಾರ, ಮೂವತ್ತೇಳೂವರೆ ಗಂಟೆ ಕೆಲಸ. ದಿನಕ್ಕೆ ಅರ್ಧ ಗಂಟೆಯಂತೆ ಎರಡೂವರೆ ತಿಂಗಳು. ಅದೇ ಡಬಲ್ ಬೆಡ್‌ಗೆ 220ಕ್ಕೆ 240 ಅಂತ ಹಿಡಿದರೆ 235 ತುಂಡು. ಎರಡು ಕಿಲೋ ಮೀರಿದ ದಾರ, 98 ಗಂಟೆ. ದಿನಕ್ಕೆ ಅರ್ಧ ಗಂಟೆ ಕೂತರೆ ಆರೂವರೆ ತಿಂಗಳು ಬೇಕು, ಅದೂ ಒಂದು ದಿನವೂ ತಪ್ಪಿಸದೆ. ನಿಮ್ಮ ಕೈ ನನಗಿಂತ ವೇಗ ಇರಬಹುದು, ನಿಧಾನವೂ ಇರಬಹುದು. ಅದಕ್ಕೇ ನಿಮ್ಮದೇ ತುಂಡಿನಿಂದ ಲೆಕ್ಕ ಹಾಕಿ ಅನ್ನುತ್ತಿರುವುದು.

ಆ ತುಂಡನ್ನು ಎಸೆಯಬೇಡಿ. ಅವರು ಹೊದಿಕೆಯನ್ನು ಹೇಗೆ ಒಗೆಯುತ್ತಾರೋ ಹಾಗೆಯೇ ಅದನ್ನೂ ಒಗೆದು ಒಣಗಿಸಿ. ಕುಗ್ಗಿತಾ, ಹಿಗ್ಗಿತಾ, ಬಣ್ಣ ಬಿಟ್ಟಿತಾ ನೋಡಿ. ಕೆಂಪು ಅಥವಾ ಕಡು ನೀಲಿಯ ಜೊತೆ ಬಿಳಿ ಸೇರಿಸುವವರು ಇದನ್ನು ಬಿಡಲೇಬಾರದು.

ಉಲ್ಲನ್ ಯಾವುದು ಅನ್ನುವುದಕ್ಕೂ ಉತ್ತರ ಒಗೆಯುವುದರಲ್ಲೇ ಇದೆ. ಶುದ್ಧ ಉಣ್ಣೆ ಬೆಚ್ಚಗಿರುತ್ತದೆ, ಕೈಗೂ ಹಿತ. ಆದರೆ ಬಿಸಿನೀರಿನಲ್ಲಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪಗಾಗಿ ಕುಗ್ಗಿಬಿಡುತ್ತದೆ. ಮತ್ತೆ ಮೊದಲಿನಂತೆ ಆಗುವುದಿಲ್ಲ. ಕೆಲವರಿಗೆ ಉಣ್ಣೆ ತಾಗಿದರೆ ಚರ್ಮ ಕೆರೆತವೂ ಬರುತ್ತದೆ. ಹತ್ತಿ ತಂಪು, ಆದರೆ ಭಾರ, ತನ್ನ ಭಾರಕ್ಕೇ ಜಗ್ಗುತ್ತದೆ. ಹೊಸದಾಗಿ ಸಂಸಾರ ಶುರು ಮಾಡುವವರಿಗೆ ನಾನು ಒಳ್ಳೆಯ ಮೃದುವಾದ ಅಕ್ರಿಲಿಕ್ಕನ್ನೇ, ಅಂದರೆ ಕೃತಕ ದಾರವನ್ನೇ, ಆರಿಸುತ್ತೇನೆ. ಅಕ್ರಿಲಿಕ್ ಅಂದರೆ ಕಡಿಮೆ ದರ್ಜೆ ಅಂತ ಮೂಗು ಮುರಿಯುವವರ ಮಾತು ಕೇಳಬೇಡಿ. ಹಗುರ, ಬೇಗ ಒಣಗುತ್ತದೆ, ನುಸಿ ಹಿಡಿಯುವುದಿಲ್ಲ, ಮಷಿನ್ ತಡೆಯುತ್ತದೆ. ಒಂದೇ ಎಚ್ಚರಿಕೆ: ಬಿಸಿ ಇಸ್ತ್ರಿ ಪೆಟ್ಟಿಗೆ ತಾಗಿಸಬಾರದು. ದಾರ ಕರಗಿ ಜೀವ ಕಳೆದುಕೊಂಡು ಜೋತುಬೀಳುತ್ತದೆ.

ಕೊಳ್ಳುವಾಗ ಉಂಡೆಯ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆ ಡೈ ಲಾಟ್ ಸಂಖ್ಯೆಯೂ ಇರುತ್ತದೆ. ಒಂದೇ ಸಲ ಬಣ್ಣ ಹಾಕಿದ ದಾರಕ್ಕೆ ಒಂದೇ ಲಾಟ್ ಸಂಖ್ಯೆ. ಬಣ್ಣದ ಹೆಸರು ಒಂದೇ ಇದ್ದು ಲಾಟ್ ಬೇರೆ ಆದರೆ ಅಂಗಡಿಯ ಬೆಳಕಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಗಲು ಬೆಳಕಲ್ಲಿ ಹರಡಿದರೆ ಗೆರೆ ಎಳೆದ ಹಾಗೆ ಕಾಣುತ್ತದೆ. ಲೆಕ್ಕಕ್ಕೆ 900 ಗ್ರಾಂ, ಅಂಚಿಗೆ ಇನ್ನೊಂದು 100 ಗ್ರಾಂ, ಕೈಯಲ್ಲಿ ಇಟ್ಟುಕೊಳ್ಳಲು ಒಂದು ಉಂಡೆ. ಹೀಗೆ 100 ಗ್ರಾಂನ 11 ಉಂಡೆ, ಎಲ್ಲ ಒಂದೇ ಲಾಟ್‌ನದು, ಒಂದೇ ಸಲ ತನ್ನಿ. ಬೇರೆ ದಾರಿಯೇ ಇಲ್ಲದೆ ಎರಡು ಲಾಟ್ ಬಂದರೆ, ಸೇರುವ ಜಾಗದಲ್ಲಿ ಸ್ವಲ್ಪ ದೂರ ಇದರಲ್ಲಿ ಎರಡು ಸಾಲು, ಅದರಲ್ಲಿ ಎರಡು ಸಾಲು ಹೆಣೆಯಿರಿ. ಕಣ್ಣಿಗೆ ಬೀಳುವುದಿಲ್ಲ.

ಡಿಸೈನ್ ವಿಷಯ. ಗ್ರಾನಿ ಸ್ಕ್ವೇರ್, ಅಂದರೆ ನಡುವಿನಿಂದ ಸುತ್ತ ಸುತ್ತ ಹೆಣೆದ ಪುಟ್ಟ ಚೌಕಗಳನ್ನು ಜೋಡಿಸುವ ಡಿಸೈನ್, ಮಾಡಲಾ ಅಂತ ಕೇಳಿದ್ದೀರಿ. ನನಗೂ ಅದು ತುಂಬಾ ಇಷ್ಟ. ಕೈಚೀಲದಲ್ಲಿ ಇಟ್ಟುಕೊಂಡು ಎಲ್ಲಿ ಬೇಕಾದರೂ ಹೆಣೆಯಬಹುದು. ಆದರೆ 13 ಸೆಂ.ಮೀ ಚೌಕ ಅಂತ ಇಟ್ಟುಕೊಂಡರೆ ಈ ಅಳತೆಗೆ 120 ಚೌಕ ಬೇಕು. ಒಂದೊಂದರಲ್ಲಿ ನಾಲ್ಕು ಬಣ್ಣ ಅಂದರೆ ಚೌಕಕ್ಕೆ 8 ದಾರದ ತುದಿ. ಒಟ್ಟು 960 ತುದಿಗಳನ್ನು ಸೂಜಿಯಲ್ಲಿ ಒಳಗೆ ಸೇರಿಸಬೇಕು. ಒಂದಕ್ಕೆ ಒಂದೇ ನಿಮಿಷ ಅಂದರೂ 16 ಗಂಟೆ. ಜೋಡಿಸುವ ಕೆಲಸ ಬೇರೆ. ಮದುವೆ ಹತ್ತಿರ ಬಂದಾಗ ಮನೆಯಲ್ಲಿ ಕೂರಲು ಪುರಸೊತ್ತು ಇರುವುದಿಲ್ಲ, ಈ ತುದಿಗಳೆಲ್ಲ ಆಗಲೇ ಕೈಗೆ ಬರುತ್ತವೆ.

ಅದರ ಬದಲು ಒಂದೇ ತುಂಡಾಗಿ, ಸಾಲು ಸಾಲಾಗಿ ಹೆಣೆಯುವ ಈ ಹೆಣಿಗೆ ನೋಡಿ. ಸ್ಟಿಚ್ ಸಂಖ್ಯೆ ಸಮ ಇರಬೇಕು, ನನಗೆ ಈ ಅಗಲಕ್ಕೆ 170ರ ಆಸುಪಾಸು ಬರುತ್ತದೆ. ಮೊದಲ ಸಾಲಿನಲ್ಲಿ ಒಂದು ಸಿಂಗಲ್ (ಗಿಡ್ಡ ಸ್ಟಿಚ್), ಒಂದು ಡಬಲ್ (ಅದಕ್ಕಿಂತ ಎತ್ತರದ ಸ್ಟಿಚ್), ಒಂದು ಸಿಂಗಲ್, ಒಂದು ಡಬಲ್ ಹೀಗೆ ಕೊನೆಯವರೆಗೆ. ಸಾಲು ಡಬಲ್‌ನಲ್ಲಿ ಮುಗಿಯುತ್ತದೆ. ಒಂದು ಚೈನ್ (ಸರಪಳಿಯಂಥ ಕುಣಿಕೆ) ಹಾಕಿ ತಿರುಗಿಸಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈಗ ಡಬಲ್‌ನ ತಲೆಯ ಮೇಲೆ ಸಿಂಗಲ್, ಸಿಂಗಲ್‌ನ ತಲೆಯ ಮೇಲೆ ಡಬಲ್. ಇಷ್ಟೇ. ಪ್ರತಿ ಸಾಲೂ ಸಿಂಗಲ್‌ನಿಂದ ಶುರುವಾಗಿ ಡಬಲ್‌ನಲ್ಲಿ ಮುಗಿಯುತ್ತದೆ. ತೂತುಗಳಿಲ್ಲ, ಎರಡು ಬದಿಯೂ ಒಂದೇ ಥರ. ಕಾಳು ಹರಡಿದ ಹಾಗೆ ಪುಟ್ಟ ಪುಟ್ಟ ಉಬ್ಬು ಬಂದು ಬಹಳ ಚೆನ್ನಾಗಿ ಕಾಣುತ್ತದೆ. ಇದರ ದೊಡ್ಡ ಗುಣ ಅಂಚಿನಲ್ಲಿದೆ. ಬರೀ ಡಬಲ್ ಕ್ರೋಶಾದಲ್ಲಿ ತಿರುಗಿಸಲು ಮೂರು ಚೈನ್ ಹಾಕಿ ಅದನ್ನೇ ಒಂದು ಸ್ಟಿಚ್ ಅಂತ ಎಣಿಸುತ್ತಾರೆ. ಅಲ್ಲಿ ಒಂದನ್ನು ಬಿಟ್ಟರೂ, ಒಂದನ್ನು ಸೇರಿಸಿದರೂ ಹೊದಿಕೆ ಮೆಲ್ಲಗೆ ಓರೆಯಾಗುತ್ತಾ ಹೋಗುತ್ತದೆ. ಇಲ್ಲಿ ಆ ಗೊಂದಲವೇ ಇಲ್ಲ. ಸಾಲಿನ ಕೊನೆಗೆ ಡಬಲ್ ಬರಲಿಲ್ಲ ಅಂದರೆ ಎಲ್ಲೋ ಒಂದು ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ನಾನು ಸಿಂಗಲ್, ಡಬಲ್ ಅಂದಿದ್ದು ಅಮೆರಿಕದ ರೂಢಿಯ ಹೆಸರಲ್ಲಿ. ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಇದೇ ಸಿಂಗಲ್‌ಗೆ ಡಬಲ್ ಅಂತಲೂ, ಡಬಲ್‌ಗೆ ಟ್ರೆಬಲ್ ಅಂತಲೂ ಹೇಳುತ್ತಾರೆ. ಯಾವ ಪ್ಯಾಟರ್ನ್ ತೆಗೆದುಕೊಂಡರೂ ಯಾವ ರೂಢಿ ಅಂತ ಮೊದಲು ನೋಡಿ.

ಶುರುವಿನ ಚೈನ್ ಬಿಗಿಯಾದರೆ ಹೊದಿಕೆಯ ಕೆಳ ಅಂಚು ಸುರುಟಿಕೊಳ್ಳುತ್ತದೆ. ಅದಕ್ಕೆ ಚೈನ್ ಮಾತ್ರ ಒಂದು ಸೈಜ್ ದೊಡ್ಡ ಕಡ್ಡಿಯಲ್ಲಿ, 6 ಮಿ.ಮೀನಲ್ಲಿ ಹಾಕಿ. ಪ್ರತಿ 20 ಚೈನ್‌ಗೆ ಒಂದು ಬೇರೆ ಬಣ್ಣದ ದಾರ ಕಟ್ಟಿದರೆ ಎಣಿಸಿದ್ದನ್ನೇ ಮತ್ತೆ ಎಣಿಸುವುದು ತಪ್ಪುತ್ತದೆ.

ಇನ್ನೊಂದು ವಿಷಯ ನನ್ನ ಅನುಭವದಿಂದ. ಅಕ್ಕನ ಮಗಳ ಮದುವೆಗೆ ಎರಡನೇ ಹೊದಿಕೆ ಹೆಣೆಯುತ್ತಿದ್ದೆ. ಅರ್ಧ ದಾಟಿದ ಮೇಲೆ ನೆಲದ ಮೇಲೆ ಹರಡಿ ನೋಡಿದರೆ ಕೆಳಗೆ 130 ಸೆಂ.ಮೀ, ಮೇಲೆ 121. ಸ್ಟಿಚ್ ಎಣಿಸಿದರೆ ಸರಿಯಾಗಿಯೇ ಇದ್ದವು. ಆ ತಿಂಗಳು ನನಗೆ ಕೆಲಸದ ಒತ್ತಡ ಜಾಸ್ತಿ ಇತ್ತು. ಗೊತ್ತಿಲ್ಲದೆ ದಾರ ಬಿಗಿ ಹಿಡಿಯುತ್ತಾ ಹೋಗಿದ್ದೆ. 30 ಸಾಲು ಬಿಚ್ಚಿದೆ. ಬಿಚ್ಚುವಾಗ ಅಳು ಬಂದಿತ್ತು. ಬಿಚ್ಚಿದ್ದು ಸರಿಯೇ ಅಂತ ಈಗಲೂ ಅನಿಸುತ್ತದೆ. ನೀವು ಪ್ರತಿ ಹತ್ತು ಸಾಲಿಗೊಮ್ಮೆ ಅಗಲ ಅಳೆಯಿರಿ, ಆಗ ಬಿಚ್ಚಬೇಕಾಗಿ ಬಂದರೂ ಹತ್ತೇ ಸಾಲು. ಮನಸ್ಸು ಸರಿ ಇಲ್ಲದ ದಿನ ಕಡ್ಡಿ ಮುಟ್ಟಬೇಡಿ. ಮಣಿಕಟ್ಟು ನೋಯತೊಡಗಿದರೂ ಅಷ್ಟೇ, ಅವತ್ತಿಗೆ ನಿಲ್ಲಿಸಿಬಿಡಿ.

ಅಗಲಕ್ಕೆ ಸಾಲು ಹಾಕಿ ಉದ್ದಕ್ಕೆ ಬೆಳೆಸಿ, ಉದ್ದಕ್ಕೆ ಸಾಲು ಹಾಕಬೇಡಿ. ಆಗ ಸಮಯ ಸಾಲದೆ ಹೋದರೆ 140 ಸೆಂ.ಮೀಗೆ ನಿಲ್ಲಿಸಿದರೂ ಅದು ಪೂರ್ತಿ ಹೊದಿಕೆಯೇ. ಮದುವೆಗೆ ಮೂರು ವಾರ ಇದೆ ಅನ್ನುವಾಗ ಎಷ್ಟಾಗಿದೆಯೋ ಅಷ್ಟಕ್ಕೆ ನಿಲ್ಲಿಸಿ, ಅಂಚಿಗೆ ಕೈ ಹಾಕಿ. ಸುತ್ತಲೂ ಎರಡು ಮೂರು ಸುತ್ತು ಸಿಂಗಲ್ ಸಾಕು. ಮೂಲೆಯಲ್ಲಿ ಒಂದೇ ಜಾಗದಲ್ಲಿ 3 ಹಾಕಿ. ಪಕ್ಕದ ಅಂಚಿನಲ್ಲಿ ನನಗೆ ಎರಡು ಸಾಲಿಗೆ 3 ಸ್ಟಿಚ್ ಸರಿಹೋಗುತ್ತದೆ. ಅಂಚು ಅಲೆ ಅಲೆಯಾದರೆ ಸ್ಟಿಚ್ ಜಾಸ್ತಿಯಾಗಿದೆ, ಒಳಗೆ ಎಳೆದರೆ ಕಡಿಮೆಯಾಗಿದೆ. ಹೊಸ ಉಂಡೆ ಸೇರಿಸುವಾಗಲೆಲ್ಲ 15 ಸೆಂ.ಮೀ ತುದಿ ಬಿಟ್ಟಿರಿ. ಸೂಜಿಯಲ್ಲಿ ಒಂದು ಕಡೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗಿ ಕತ್ತರಿಸಿ. ಗಂಟು ಮಾತ್ರ ನಂಬಿದರೆ ನಾಲ್ಕು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒಮ್ಮೆ ಒಗೆದು, ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ಮೂಲೆಗಳನ್ನು ಕೈಯಲ್ಲಿ ಎಳೆದು ಸರಿಮಾಡಿ ಒಣಗಿಸಿ. ನೇತುಹಾಕಬೇಡಿ.

ಬಣ್ಣವನ್ನು ಗುಟ್ಟಾಗಿ ಇಡಬೇಕಾ ಅಂತ ಕೇಳಿದ್ದೀರಿ. ಹೊದಿಕೆ ಗುಟ್ಟಾಗಿರಲಿ, ಬಣ್ಣ ಬೇಡ. ತಮ್ಮನ ಇಷ್ಟ ನಿಮಗೆ ಚಿಕ್ಕಂದಿನಿಂದ ಗೊತ್ತಿರುತ್ತದೆ. ಅವನ ಹೆಂಡತಿ ಆಗುವವಳದ್ದು ಗೊತ್ತಿರುವುದಿಲ್ಲ. ಸುಮ್ನೆ ಮಾತಿನ ಮಧ್ಯೆ ಅವಳನ್ನೇ ಕೇಳಿ. ನಾನು ಅಕ್ಕನ ಮಗಳಿಗೆ ತಿಳಿ ಗುಲಾಬಿ ಅಂತ ಮನಸ್ಸಿನಲ್ಲೇ ಆರಿಸಿಟ್ಟಿದ್ದೆ. ಕೇಳಿದ ಮೇಲೆ ಗೊತ್ತಾಯಿತು, ಹುಡುಗನಿಗೂ ಅವಳಿಗೂ ಇಷ್ಟವಾಗುತ್ತಿದ್ದದ್ದು ಸಾಸಿವೆ ಹಳದಿ. ಹಳದಿ ಉಲ್ಲನ್ನಲ್ಲೇ ಹೆಣೆದೆ.

ಆ ಹೊದಿಕೆಯ ಜೊತೆ ಒಂದು ಚೀಟಿ ಇಟ್ಟಿದ್ದೆ. ತಣ್ಣೀರಲ್ಲಿ ಮಷಿನ್‌ಗೆ ಹಾಕಬಹುದು, ಇಸ್ತ್ರಿ ಬೇಡ, ದಿನಾ ಬಳಸಿ ಅಂತ ಬರೆದು, ಉಳಿದ ದಾರವನ್ನು ಒಂದು ಪುಟ್ಟ ಉಂಡೆ ಸುತ್ತಿ ಚೀಟಿಯ ಜೊತೆಗಿಟ್ಟೆ. ಹೋದ ವರ್ಷ ಅವಳು ಫೋನ್ ಮಾಡಿ "ಚಿಕ್ಕಮ್ಮ, ಬೆಕ್ಕು ಒಂದು ಕಡೆ ಎಳೆದು ದಾರ ಕಿತ್ತುಹೋಗಿದೆ, ಏನು ಮಾಡಲಿ?" ಅಂದಳು. ಆ ಪುಟ್ಟ ಉಂಡೆ ಎಲ್ಲಿದೆ ಅಂತ ಕೇಳಿದೆ. ಹುಡುಕಿ ತಂದಳು. ವೀಡಿಯೋ ಕಾಲ್‌ನಲ್ಲಿ ನಾನು ಹೇಳುತ್ತಾ ಹೋದೆ, ಅವಳೇ ಸರಿಮಾಡಿಕೊಂಡಳು.