ಮನೆಯವರೇ ನಡೆಸುವ ರೇಡಿಯೋ ನಮ್ಮಲ್ಲಿ ಯಾಕಿಲ್ಲ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ಸಣ್ಣ ಪೇಟೆಯೊಂದರಲ್ಲಿ ಒಂದೇ ಕುಟುಂಬ ಮೂರು ತಲೆಮಾರಿನಿಂದ ಎಎಂ (ನಮ್ಮ ಮೀಡಿಯಂ ವೇವ್) ರೇಡಿಯೋ ಸ್ಟೇಷನ್ ನಡೆಸುತ್ತಿದೆ. ನಮ್ಮ ಕಡೆ ಅಂಥದ್ದು ಯಾಕೆ ಹುಟ್ಟಲಿಲ್ಲ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಹುಟ್ಟಿತ್ತು! ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್‌ನದ್ದು. ಮನೆಯ ಒಂದು ಬಲ್ಬು ಉರಿಯುವಷ್ಟು ಕರೆಂಟು, ಅಷ್ಟೇ. ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. ಕೈಯಿಂದ ದುಡ್ಡು ಹಾಕಿ ಅವರು ಅದನ್ನು ಕೆಲವು ವರ್ಷ ನಡೆಸಿದರು. ಆಮೇಲೆ ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರದ್ದಾಯಿತು, 1955ರಲ್ಲಿ ಬೆಂಗಳೂರಿಗೆ ಹೋಯಿತು. ಹಾಗಾಗಿ 'ನಮ್ಮವರಿಗೆ ಆಸೆಯೇ ಇರಲಿಲ್ಲ' ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇಲ್ಲದೇ ಇದ್ದದ್ದು ಪರವಾನಗಿ. ಇಲ್ಲಿ ಪ್ರಸಾರ ಸರ್ಕಾರದ ಕೈಯಲ್ಲೇ ಉಳಿಯಿತು. ರೇಡಿಯೋ ಕೇಳುವುದಕ್ಕೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು, ನೆನಪಿದೆ ಅಲ್ವಾ?

ಅಮೆರಿಕದ ದಾರಿ ಬೇರೆ. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಸುಮಾರು 900 ಎಎಂ ಸ್ಟೇಷನ್ ಇದ್ದವು. 1950ರ ಹೊತ್ತಿಗೆ 2,000 ದಾಟಿದವು. ರೇಡಿಯೋ ಡಯಲ್‌ನಲ್ಲಿ ಆರು ಜಾಗಗಳನ್ನು ಸಣ್ಣ ಊರುಗಳಿಗೆಂದೇ ಬಿಟ್ಟಿದ್ದರು. ಆಗ ಅಲ್ಲಿನ ಸ್ಟೇಷನ್‌ಗಳ ಶಕ್ತಿ ಹೆಚ್ಚೆಂದರೆ 250 ವ್ಯಾಟ್. ಗಂಡ ಸುದ್ದಿ ಓದುವುದು, ಹೆಂಡತಿ ಅಂಗಡಿಗಳಿಂದ ಜಾಹೀರಾತು ತಂದು ಲೆಕ್ಕ ಬರೆಯುವುದು, ಹೀಗೆ ಸಾಗುತ್ತಿತ್ತು ಅನೇಕ ಕಡೆ. ಯಾರು ತೀರಿಕೊಂಡರು, ಹಿಮ ಬಿದ್ದು ಯಾವ ಶಾಲೆಗೆ ರಜೆ, ಯಾರ ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿದೆ, ಎಲ್ಲ ಅದರಲ್ಲೇ.

ಎಷ್ಟೋ ಸ್ಟೇಷನ್‌ಗಳು ಸಂಜೆ ಸೂರ್ಯ ಮುಳುಗಿದ ಕೂಡಲೇ ಬಾಗಿಲು ಹಾಕಬೇಕಿತ್ತು. ಎಎಂ ಅಲೆ ಹಗಲು ನೆಲದ ಗುಂಟ ಹೋಗುತ್ತದೆ. ಮೇಲಕ್ಕೆ ಹೋದದ್ದನ್ನು ವಾತಾವರಣದ ಒಂದು ಪದರ ಹೀರಿಬಿಡುತ್ತದೆ. ರಾತ್ರಿ ಆ ಪದರ ಕರಗಿ, ಅಲೆ ಇನ್ನೂ ಮೇಲಕ್ಕೆ ಹೋಗಿ ತಿರುಗಿ ನೂರಾರು ಮೈಲಿ ದೂರದಲ್ಲಿ ಇಳಿಯುತ್ತದೆ. ಅಲ್ಲಿ ಡಯಲ್‌ನ ಅದೇ ಜಾಗದಲ್ಲಿರುವ ಇನ್ನೊಂದು ಸ್ಟೇಷನ್‌ಗೆ ಅಡ್ಡ ಬರುತ್ತದೆ. ನಾನು ಹಾಸನದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾಗ ಗಿರಾಕಿಗಳ ದೂರು ಇದೇ ಆಗಿತ್ತು: 'ಹಗಲು ಭದ್ರಾವತಿ ಸ್ಟೇಷನ್ ಚೆನ್ನಾಗಿ ಹಿಡಿಯುತ್ತೆ, ರಾತ್ರಿ ಯಾವ್ಯಾವುದೋ ಭಾಷೆ ನುಗ್ಗುತ್ತೆ.' ಸೆಟ್ಟಿನಲ್ಲಿ ದೋಷವೇ ಇರುತ್ತಿರಲಿಲ್ಲ. ಅಂಥವರಿಂದ ನಾನು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

1996ರಲ್ಲಿ ಅಮೆರಿಕ ಒಬ್ಬರು ದೇಶದಲ್ಲಿ ಎಷ್ಟು ಸ್ಟೇಷನ್ ಇಟ್ಟುಕೊಳ್ಳಬಹುದು ಎಂಬ ಮಿತಿ ತೆಗೆದುಹಾಕಿತು. ದೊಡ್ಡ ಕಂಪನಿಗಳು ಒಂದೊಂದಾಗಿ ಕೊಂಡವು. ನೀವು ನೋಡಿದ ಕುಟುಂಬ ಮಾರದೆ ಉಳಿದಿದೆ ಅಂದರೆ ನನಗೆ ತುಂಬ ಗೌರವ.

ಪ್ರಶ್ನೆ (ಅವರದೇ): ಈಗ ನಾನೇ ಇಲ್ಲೊಂದು ಶುರು ಮಾಡಬಹುದಾ?

ಉತ್ತರ: ಒಬ್ಬರ ಹೆಸರಲ್ಲಿ ಆಗುವುದಿಲ್ಲ. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದಾರಿ ನಿಧಾನವಾಗಿ ತೆರೆಯಿತು. ಸಮುದಾಯ ರೇಡಿಯೋ, ಅಂದರೆ ಊರವರಿಗಾಗಿ ಸಂಸ್ಥೆಯೊಂದು ನಡೆಸುವ ಸಣ್ಣ ಸ್ಟೇಷನ್, ಮೊದಲು ಶಿಕ್ಷಣ ಸಂಸ್ಥೆಗಳಿಗೆ ಸಿಕ್ಕಿತು, 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಸಿಗುತ್ತಿದೆ. ಅದು ಎಫ್ಎಂ, ಸಾಮಾನ್ಯವಾಗಿ 100 ವ್ಯಾಟ್. ಮಲೆನಾಡಿನಲ್ಲಿ ಒಂದು ಕಷ್ಟ ಇದೆ: ಎಫ್ಎಂ ಅಲೆ ಗುಡ್ಡ ದಾಟುವುದಿಲ್ಲ, ಮರೆಯ ಹಳ್ಳಿಗೆ ಕೇಳಿಸುವುದು ಕಷ್ಟ. ಹಾಗಾಗಿ ಗೋಪುರಕ್ಕೆ ಜಾಗ ಮೊದಲು ನೋಡಿ, ಸ್ಟುಡಿಯೋ ಆಮೇಲೆ.

ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯದ್ದನ್ನು ಹಾಕಬಹುದು. ಇದು ನನಗೆ ಸರಿ ಕಾಣುವುದಿಲ್ಲ. ಊರ ಸುದ್ದಿಯನ್ನು ಊರವರೇ ಹೇಳಬೇಡವೇ? ಆದರೆ ಹವಾಮಾನ, ಪರೀಕ್ಷೆ, ಕರೆಂಟು, ನೀರು ಇವುಗಳನ್ನು ಸುದ್ದಿ ಅಂತ ಲೆಕ್ಕ ಹಾಕುವುದಿಲ್ಲ. ಕಾಫಿ ಹೂಮಳೆಯ (ಗಿಡ ಹೂಬಿಡಿಸುವ ಮಳೆಯ) ದಿನಗಳಲ್ಲಿ ಯಾವ ತೋಟಕ್ಕೆ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಮಳೆ ಬಿತ್ತು ಎಂದು ಬೆಳಿಗ್ಗೆ ಆರೂವರೆಗೆ ಹೇಳಿ. ಮಳೆಗೇಜಿನ ಲೆಕ್ಕ ಫೋನಿನಲ್ಲಿ ತಿಳಿಸುವ ಬೆಳೆಗಾರರನ್ನು ಈಗಲೇ ಹೋಬಳಿಗೊಬ್ಬರಂತೆ ಗೊತ್ತು ಮಾಡಿಕೊಳ್ಳಿ.