ಕೈಕುಲುಕಿದಾಗ ಕುಣಿದವರು ಎಲ್ಲಿ ಹೋದರು?

ಓದುಗರ ಪತ್ರ: 1993ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ತೀನಿ ನಾಯಕ ಅರಾಫತ್ ಶ್ವೇತಭವನದ ಅಂಗಳದಲ್ಲಿ ಓಸ್ಲೊ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಕೈಕುಲುಕಿದರು. ಎರಡೂ ಕಡೆ ಜನ ಕುಣಿದದ್ದನ್ನು ಟಿವಿಯಲ್ಲಿ ನೋಡಿದ ನೆನಪಿದೆ. ಎರಡೇ ವರ್ಷಕ್ಕೆ ರಾಬಿನ್ ಕೊಲೆಯಾಯಿತು. ಹಾಗಾದರೆ ಜನಬೆಂಬಲ ಇತ್ತೆಂಬುದೇ ಸುಳ್ಳೆ? ಸಮೀಕ್ಷೆಗಳನ್ನು ಹೇಗೆ ನಂಬುವುದು? (ಶಿವಮೊಗ್ಗದ ಓದುಗರೊಬ್ಬರು)

ಸಂಪಾದಕರ ಉತ್ತರ:

ಮಾನ್ಯರೇ, ಮೊದಲಿಗೆ ಒಂದು ತಿದ್ದುಪಡಿ. ಸೆಪ್ಟೆಂಬರ್ 13ರಂದು ಸಹಿ ಹಾಕಿದವರು ಇಸ್ರೇಲಿನ ವಿದೇಶಾಂಗ ಸಚಿವ ಶಿಮೊನ್ ಪೆರೆಸ್ ಮತ್ತು ಪಿಎಲ್‌ಒ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) ಪರವಾಗಿ ಮಹಮೂದ್ ಅಬ್ಬಾಸ್. ರಾಬಿನ್, ಅರಾಫತ್ ಕೈಕುಲುಕಿದ್ದು ಆಮೇಲೆ. ಫೋಟೊ ಅದರದೇ ಉಳಿದದ್ದರಿಂದ ಈ ತಪ್ಪು ಬಹಳ ಜನ ಮಾಡುತ್ತಾರೆ.

ಬೆಂಬಲ ಸುಳ್ಳಾಗಿರಲಿಲ್ಲ. ಅಲ್ಲಿಯವರೆಗೆ ಇಸ್ರೇಲಿ ಸೇನೆಯ ಹಿಡಿತದಲ್ಲಿದ್ದ ಗಾಜಾ ಮತ್ತು ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ತೀನಿ ಬಾವುಟ ಹಿಡಿದರೆ ಸೇನೆ ಬಂಧಿಸುತ್ತಿತ್ತು. ಅಂದು ಮನೆಮನೆಯ ಮೇಲೆ ಬಾವುಟ ಏರಿತು. ಕಲ್ಲು ತೂರುತ್ತಿದ್ದ ಹುಡುಗರು ಇಸ್ರೇಲಿ ಸೈನಿಕರ ಜೀಪಿಗೆ ಆಲಿವ್ ಕೊಂಬೆ ಸಿಕ್ಕಿಸಿದರು. ಇದು ಯಾರೋ ಹೇಳಿಕೊಟ್ಟು ಮಾಡಿಸಿದ ಸಂಭ್ರಮವಲ್ಲ. ಆದರೆ ಕುಣಿದವರೆಲ್ಲ ಒಂದೇ ಒಪ್ಪಂದಕ್ಕೆ ಕುಣಿದಿರಲಿಲ್ಲ, ತೊಡಕು ಇರುವುದು ಇಲ್ಲೇ.

ಕಾಗದ ತೆಗೆದು ನೋಡಿ. ಸಹಿಗೆ ನಾಲ್ಕು ದಿನ ಮುಂಚೆ ಪತ್ರಗಳ ವಿನಿಮಯವಾಯಿತು. ಶಾಂತಿ, ಭದ್ರತೆಯಿಂದ ಬದುಕುವ ಹಕ್ಕು ಇಸ್ರೇಲಿಗೆ ಇದೆಯೆಂದು ಅರಾಫತ್ ಬರೆದರು. ರಾಬಿನ್ ಬರೆದದ್ದು ಪಿಎಲ್‌ಒ ಪ್ಯಾಲೆಸ್ತೀನಿ ಜನರ ಪ್ರತಿನಿಧಿ ಎಂದು ಮಾತ್ರ. 'ಪ್ಯಾಲೆಸ್ತೀನ್ ರಾಷ್ಟ್ರ' ಎಂಬ ಮಾತು ಒಪ್ಪಂದದಲ್ಲಿ ಎಲ್ಲೂ ಇಲ್ಲ. ಐದು ವರ್ಷದ ಮಧ್ಯಂತರ ಅವಧಿ. ಜೆರುಸಲೇಮ್, ನಿರಾಶ್ರಿತರು, ಆಕ್ರಮಿತ ನೆಲದಲ್ಲಿ ಕಟ್ಟಿದ ಇಸ್ರೇಲಿ ವಸಾಹತುಗಳು, ಗಡಿ ಎಲ್ಲವನ್ನೂ ಬಿಟ್ಟದ್ದು ಅಂತಿಮ ಮಾತುಕತೆಗೆ. ಪಶ್ಚಿಮ ದಂಡೆಯ ರಾಮಲ್ಲಾದವರಿಗೆ ಅದರಲ್ಲಿ ಸ್ವಂತ ರಾಷ್ಟ್ರ ಕಂಡಿತು. ಟೆಲ್ ಅವೀವ್‌ನವರಿಗೆ ಮಗನನ್ನು ಗಾಜಾದ ಗಸ್ತಿಗೆ ಕಳಿಸುವುದು ತಪ್ಪಿತೆಂದು ಕಂಡಿತು.

ಕಾಗದವನ್ನು ಅಕ್ಷರಕ್ಕಕ್ಷರ ಓದಿದವರು ಆಗಲೇ ತಕರಾರು ಎತ್ತಿದ್ದರು. ವಿರೋಧಿಸಿದ್ದು ಹಮಾಸ್ ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಅವರು ಮರೆಯಾಗುತ್ತಾರೆ. ಓಸ್ಲೊಗೆ ಮುಂಚೆ ನಡೆದ ಮ್ಯಾಡ್ರಿಡ್ ಶಾಂತಿ ಮಾತುಕತೆಯಲ್ಲಿ ಪ್ಯಾಲೆಸ್ತೀನಿ ನಿಯೋಗದ ಮುಂದಾಳಾಗಿದ್ದ ಗಾಜಾದ ವೈದ್ಯ ಹೈದರ್ ಅಬ್ದುಲ್ ಶಾಫಿ ಅವರ ಆಕ್ಷೇಪ ನೇರವಾಗಿತ್ತು: ವಸಾಹತು ಕಟ್ಟುವುದನ್ನು ಇದು ನಿಲ್ಲಿಸುವುದಿಲ್ಲ. ಕವಿ ಮಹಮೂದ್ ದರ್ವೀಶ್ ಪಿಎಲ್‌ಒ ಕಾರ್ಯಕಾರಿ ಸಮಿತಿಗೆ ರಾಜೀನಾಮೆ ಕೊಟ್ಟರು. ಶಾಫಿ ಹೇಳಿದ್ದೇ ಆಯಿತು. 1993ರಲ್ಲಿ ಪಶ್ಚಿಮ ದಂಡೆಯಲ್ಲಿ (ಪೂರ್ವ ಜೆರುಸಲೇಮ್ ಬಿಟ್ಟು) ಒಂದು ಲಕ್ಷ ಚಿಲ್ಲರೆ ಇದ್ದ ವಸಾಹತುಗಾರರು 2000ದ ಹೊತ್ತಿಗೆ ಎರಡು ಲಕ್ಷದ ಹತ್ತಿರ ಬಂದಿದ್ದರು. ಪ್ಯಾಲೆಸ್ತೀನಿ ರೈತನಿಗೆ ಒಪ್ಪಂದವೆಂದರೆ ಎದುರು ಗುಡ್ಡದ ಮೇಲೆ ಏಳುತ್ತಿದ್ದ ಕೆಂಪು ಹೆಂಚಿನ ಸಾಲು. ಇತ್ತ 1993ರ ಮಾರ್ಚ್‌ನಲ್ಲಿ ಇಸ್ರೇಲ್ ಹೇರಿದ ದಿಗ್ಬಂಧನ ಒಪ್ಪಂದದ ನಂತರವೂ ಮುಂದುವರಿಯಿತು. ಇಸ್ರೇಲಿನಲ್ಲಿ ಕೂಲಿಗೆ ಹೋಗಲು ಪರವಾನಗಿ ಚೀಟಿ ಬೇಕಿತ್ತು. ಬಾಂಬ್ ಸಿಡಿದ ಮರುದಿನ ಗೇಟು ಬಂದ್, ಆ ದಿನದ ಕೂಲಿ ಖೋತಾ.

ಇಸ್ರೇಲಿ ಕಡೆ ಬೆಂಬಲ ತಿಂದದ್ದು ಆ ಬಾಂಬುಗಳು. 1994ರ ಫೆಬ್ರುವರಿ 25ರಂದು ಹೆಬ್ರಾನ್‌ನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜಿಗೆ ಕೂತಿದ್ದ 29 ಜನರನ್ನು ಬರೂಖ್ ಗೋಲ್ಡ್‌ಸ್ಟೀನ್ ಎಂಬ ವಸಾಹತುಗಾರ ಗುಂಡಿಕ್ಕಿ ಕೊಂದ. ಕರ್ಫ್ಯೂ ಬಿದ್ದದ್ದು ಹೆಬ್ರಾನ್‌ನ ಪ್ಯಾಲೆಸ್ತೀನಿಯರ ಮೇಲೆ. ನಲವತ್ತು ದಿನದ ಶೋಕ ಮುಗಿಯುತ್ತಿದ್ದಂತೆ, ಏಪ್ರಿಲ್ 6ಕ್ಕೆ, ಅಫುಲಾದ ಬಸ್ ನಿಲ್ದಾಣದಲ್ಲಿ ಹಮಾಸ್‌ನ ಕಾರ್ ಬಾಂಬ್. ಅಕ್ಟೋಬರ್‌ನಲ್ಲಿ ಟೆಲ್ ಅವೀವ್‌ನ ಡಿಜೆಂಗಾಫ್ ರಸ್ತೆಯ ಬಸ್ಸಿನಲ್ಲಿ 22 ಸಾವು.

ಇಸ್ರೇಲಿ ಸಂಸತ್ತಿನಲ್ಲೂ ಈ ಇಳಿತ ಕಾಣುತ್ತದೆ. 1993ರಲ್ಲಿ ಒಪ್ಪಂದದ ಪರ 61, ವಿರೋಧ 50, ತಟಸ್ಥರು 8. 1995ರ ಅಕ್ಟೋಬರ್‌ನಲ್ಲಿ ಎರಡನೇ ಓಸ್ಲೊ ಒಪ್ಪಂದಕ್ಕೆ 61–59. ಪರ ಮತ ಒಂದೂ ಕಮ್ಮಿಯಾಗಿಲ್ಲ, ತಟಸ್ಥರ ಜಾಗ ಮಾತ್ರ ಖಾಲಿ. ಆ 61ರಲ್ಲಿ ಬಲಪಂಥೀಯ ತ್ಸೋಮೆತ್ ಪಕ್ಷದಿಂದ ಗೆದ್ದು ಸರ್ಕಾರದ ಕಡೆ ಹಾರಿದ್ದ ಇಬ್ಬರಿದ್ದರು. ಅವರಲ್ಲಿ ಅಲೆಕ್ಸ್ ಗೋಲ್ಡ್‌ಫಾರ್ಬ್ ಉಪಸಚಿವರಾದರು, ಸರ್ಕಾರಿ ಕಾರು ಮಿತ್ಸುಬಿಷಿ ಬಂತು. ಓಸ್ಲೊ ಪಾಸಾದದ್ದು ಗೋಲ್ಡ್‌ಫಾರ್ಬ್‌ರ ಮಿತ್ಸುಬಿಷಿಯಿಂದ ಎಂಬ ಕುಹಕ ಅಲ್ಲಿ ಗಾದೆಯಂತೆ ಉಳಿದಿದೆ. ಪಕ್ಷಾಂತರ ನೋಡಿ ಪಳಗಿದ ನಮಗೆ ಬಿಡಿಸಿ ಹೇಳಬೇಕಿಲ್ಲ. ಐವರು ಅರಬ್ ಪಕ್ಷಗಳ ಸದಸ್ಯರ ಬೆಂಬಲವನ್ನೂ ಲೆಕ್ಕದಿಂದ ಕಳೆದು 'ಯಹೂದಿ ಬಹುಮತವಿಲ್ಲ' ಎಂದು ವಿರೋಧಿಗಳು ಕೂಗಿದರು. ಅದೇ ದಿನಗಳಲ್ಲಿ ಜೆರುಸಲೇಮಿನ ಜಿಯಾನ್ ಚೌಕದಲ್ಲಿ ರಾಬಿನ್‌ಗೆ ನಾಜಿ ಸಮವಸ್ತ್ರ ತೊಡಿಸಿದ ಚಿತ್ರ ಕೈಯಿಂದ ಕೈಗೆ ಹೋಗುತ್ತಿತ್ತು. ನವೆಂಬರ್ 4ಕ್ಕೆ, ಶಾಂತಿ ಸಭೆ ಮುಗಿಸಿ ಕಾರಿನತ್ತ ನಡೆದಿದ್ದ ಅವರನ್ನು ಒಪ್ಪಂದ ವಿರೋಧಿ ಯಹೂದಿ ಯುವಕ ಯಿಗಾಲ್ ಅಮೀರ್ ಕೊಂದ.

ಇನ್ನು ಸಮೀಕ್ಷೆ. ಯಾರನ್ನು ಕೇಳಿದರು, ಏನು ಕೇಳಿದರು, ಯಾವಾಗ ಕೇಳಿದರು, ಈ ಮೂರನ್ನೂ ನೋಡಬೇಕು. ಪ್ಯಾಲೆಸ್ತೀನಿ ಕಡೆ ನಾಬ್ಲುಸ್‌ನಲ್ಲಿ ಖಲೀಲ್ ಶಿಕಾಕಿ ಅವರ ತಂಡ 1993ರಿಂದಲೇ ಕೆಲಸ ಶುರುಮಾಡಿತ್ತು. ಒಪ್ಪಂದದ ದಿನಗಳಲ್ಲಿ ಬಹುಮತದ ಬೆಂಬಲ ಕಂಡದ್ದು ನಿಜ. ಆದರೆ ಕೇಳಿದ್ದು ಪಶ್ಚಿಮ ದಂಡೆ ಮತ್ತು ಗಾಜಾದವರನ್ನು. 1948ರಲ್ಲಿ ಗಲಿಲೀ ಬಿಟ್ಟು ಬಂದು ಲೆಬನಾನಿನ ಐನ್ ಅಲ್ ಹಿಲ್ವೆ ಶಿಬಿರದಲ್ಲಿ ನೆಲೆಸಿದ ಮನೆಗಳ ಮಾತು ಆ ಅಂಕಿಯೊಳಗೆ ಇಲ್ಲ, ಒಪ್ಪಂದ ಮುಂದೂಡಿದ್ದು ಅವರ ಪ್ರಶ್ನೆಯನ್ನೇ ಆದರೂ. ಟೆಲ್ ಅವೀವ್ ವಿಶ್ವವಿದ್ಯಾಲಯದವರು 1994ರಿಂದ ತಿಂಗಳಿಗೊಮ್ಮೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಿದ್ದರು: ಒಪ್ಪಂದವನ್ನು ಬೆಂಬಲಿಸುತ್ತೀರಾ, ಅದರಿಂದ ಶಾಂತಿ ಬರುತ್ತದೆಂದು ನಂಬುತ್ತೀರಾ? ಒಳ್ಳೆಯ ಪದ್ಧತಿ. ಬೇಕು ಅನ್ನುವವರೆಲ್ಲ ಆಗುತ್ತೆ ಅನ್ನುವವರಲ್ಲ. ಪತ್ರಿಕೆಗಳು ಇವೆರಡನ್ನೂ ಕಲಸಿ ಒಂದೇ ಶೇಕಡಾವಾರು ಕೊಟ್ಟಾಗ ಓದುಗ ಮೋಸಹೋಗುತ್ತಾನೆ.

ಮೂರನೆಯದು ತಾರೀಖು. ರಾಬಿನ್ ಕೊಲೆಯ ನಂತರ ಪ್ರಧಾನಿಯಾದ ಪೆರೆಸ್ ಸಮೀಕ್ಷೆಗಳಲ್ಲಿ ಬಹಳ ಮುಂದಿದ್ದರು. ಕ್ಲಿಂಟನ್ ಹೇಳಿದ 'ಶಲೋಮ್, ಹವೇರ್', ಅಂದರೆ 'ಹೋಗಿ ಬಾ ಗೆಳೆಯ', ಎಂಬ ಸ್ಟಿಕ್ಕರ್ ಕಾರುಗಳ ಹಿಂದೆಲ್ಲ ಅಂಟಿತ್ತು. 1996ರ ಫೆಬ್ರುವರಿ 25ರಿಂದ ಮಾರ್ಚ್ 4ರವರೆಗೆ ಜೆರುಸಲೇಮ್, ಅಷ್ಕೆಲಾನ್, ಟೆಲ್ ಅವೀವ್‌ಗಳಲ್ಲಿ ಆತ್ಮಾಹುತಿ ಬಾಂಬ್‌ಗಳಿಗೆ ಐವತ್ತಕ್ಕೂ ಹೆಚ್ಚು ಜನ ಸತ್ತರು. ಮೇ 29ರ ಪ್ರಧಾನಿ ಚುನಾವಣೆಯಲ್ಲಿ ಒಪ್ಪಂದ ವಿರೋಧಿ ನೆತನ್ಯಾಹು ಪೆರೆಸ್ ಎದುರು ಗೆದ್ದದ್ದು ಮೂವತ್ತು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ.